ದೈತ್ಯ ರೋಬೋಟ್ ಕೆರೆಯಲ್ಲಿ ಮುಳುಗುತ್ತದೆಯೇ? ಹೋಲಿಕೆಯಿಂದ ಸಾಂದ್ರತೆಯ ಕಡೆಗೆ ಎರಡು ಅವಧಿಗಳು

ಬೋಧನಾಭ್ಯಾಸದ ಅಂಗವಾಗಿ ಮಾಲೂರು ತಾಲ್ಲೂಕಿನ ಲಕ್ಕೂರಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ‘ಗುರುತ್ವ’ ಅಧ್ಯಾಯದ ಕೊನೆಯ ಭಾಗ ನನ್ನ ಪಾಲಿಗೆ ಬಂದಿತ್ತು. ಪ್ಲವನತೆ, ಆರ್ಕಿಮಿಡಿಸ್ ತತ್ವ, ಸಾಪೇಕ್ಷ ಸಾಂದ್ರತೆ ಇಷ್ಟನ್ನು ಮುಗಿಸಬೇಕಿತ್ತು. ಇದರಲ್ಲಿ ಎರಡು ಅವಧಿಗಳನ್ನು ಜಪಾನಿನ ಹಳೆಯ ದೈತ್ಯ ರೋಬೋಟ್ ಧಾರಾವಾಹಿಗಳ ಹೋಲಿಕೆಯ ಮೂಲಕ ನಡೆಸಿದೆ. ಆ ಪಾಠದ ಯೋಜನೆ, ನಡೆದ ಬಗೆ, ಮಕ್ಕಳ ಉತ್ತರಗಳು ಹಾಗೂ ನನಗೆ ಕಂಡ ಅಂಶಗಳನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಪಾಠ ಏಕೆ?

ಪೂರ್ವಜ್ಞಾನ ಪರೀಕ್ಷೆಯಲ್ಲಿ ಸಾಂದ್ರತೆಯ ವ್ಯಾಖ್ಯೆಯನ್ನು ಕೇಳಿದಾಗ ತರಗತಿಯ ಬಹುತೇಕ ಮಕ್ಕಳು ತಡವರಿಸದೆ ಹೇಳಿದರು. ರಾಶಿಯನ್ನು ಗಾತ್ರದಿಂದ ಭಾಗಿಸಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅದರ ಬೆನ್ನಿಗೇ “ಒಂದು ವಸ್ತು ನೀರಿನಲ್ಲಿ ಏಕೆ ಮುಳುಗುತ್ತದೆ?” ಎಂದು ಕೇಳಿದೆ. “ಭಾರ ಇರುತ್ತಲ್ಲ ಮಿಸ್, ಅದಕ್ಕೆ” ಎಂಬ ಉತ್ತರ ಬಂತು. ಹಾಗಾದರೆ ಗುಂಡುಸೂಜಿ ಏಕೆ ಮುಳುಗುತ್ತದೆ, ಮರದ ದಿಮ್ಮಿ ಏಕೆ ತೇಲುತ್ತದೆ ಎಂದರೆ “ಅದು ಕಬ್ಬಿಣ, ಇದು ಮರ” ಎಂದರು. ಸೂತ್ರ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ ಇದ್ದವು. ಎರಡಕ್ಕೂ ಮುಖಾಮುಖಿ ಆಗಿರಲಿಲ್ಲ.

‘ಭಾರವಾದದ್ದು ಮುಳುಗುತ್ತದೆ’, ‘ಕಬ್ಬಿಣ ಮುಳುಗುತ್ತದೆ’ ಎಂಬ ಈ ಎರಡು ತಪ್ಪು ಗ್ರಹಿಕೆಗಳನ್ನು ಮಕ್ಕಳು ತಾವೇ ಲೆಕ್ಕ ಹಾಕಿ ಮುರಿಯುವಂತಾಗಬೇಕು ಎಂಬುದು ನನ್ನ ಉದ್ದೇಶ. ಅದಕ್ಕೆ ತುಂಬಾ ಭಾರವಾದ, ಪೂರ್ತಿ ಲೋಹದ, ಎತ್ತರವೂ ತೂಕವೂ ಸಂಖ್ಯೆಯಲ್ಲಿ ಸಿಗುವ ವಸ್ತುಗಳು ಬೇಕಿದ್ದವು. ಜಪಾನಿನ ರೋಬೋಟ್ ಧಾರಾವಾಹಿಗಳಲ್ಲಿ ಇವು ಮೂರೂ ಇವೆ. ಅಲ್ಲಿ ಪ್ರತಿ ರೋಬೋಟಿಗೂ ಇಂತಿಷ್ಟು ಮೀಟರ್ ಎತ್ತರ, ಇಂತಿಷ್ಟು ಟನ್ ತೂಕ ಎಂದು ನಿಗದಿ ಮಾಡಿ ಹೇಳುವುದು ರೂಢಿ.

ಮಾರ್ಗದರ್ಶಕ ಶಿಕ್ಷಕರು ಪಾಠ ಯೋಜನೆ ನೋಡಿ, “ಅಲ್ಲಮ್ಮಾ, ಸಿಲಬಸ್ ಮುಗೀಬೇಕಲ್ಲ, ಕಾರ್ಟೂನಿಗೆ ಎರಡು ಅವಧಿ ಬೇಕಾ?” ಎಂದು ಕೇಳಿದರು. ಪಠ್ಯದ ಲೆಕ್ಕಗಳನ್ನೇ ಬೇರೆ ಸಂಖ್ಯೆಗಳಲ್ಲಿ ಮಾಡಿಸುತ್ತೇನೆ, ಹೆಚ್ಚುವರಿ ಅವಧಿ ಕೇಳುವುದಿಲ್ಲ ಎಂದೆ. ಅವರು ಒಪ್ಪಿದರು. ಜೊತೆಗೆ, ತಾವು ಹುಡುಗರಾಗಿದ್ದಾಗ ದೂರದರ್ಶನದಲ್ಲಿ ‘ಜೈಂಟ್ ರೋಬಾಟ್’ ಬರುತ್ತಿದ್ದುದನ್ನೂ, ಅದರಲ್ಲಿ ಒಬ್ಬ ಹುಡುಗ ಕೈಗಡಿಯಾರದಲ್ಲಿ ಮಾತನಾಡಿ ರೋಬೋಟನ್ನು ಕರೆಯುತ್ತಿದ್ದುದನ್ನೂ ನೆನಪಿಸಿಕೊಂಡರು. ಅದು ಮಿತ್ಸುತೆರು ಯೊಕೊಯಾಮಾ ಅವರ ಕಥೆಯಿಂದ 1967ರಲ್ಲಿ ಬಂದ ಜಪಾನೀ ಧಾರಾವಾಹಿ. ಚಿತ್ರಗಳಿಂದ ಮಾಡಿದ್ದಲ್ಲ, ನಟರು ಅಭಿನಯಿಸಿದ್ದು. ಹೀಗೆ ಶಿಕ್ಷಕರ ಕೊಠಡಿಯಲ್ಲೇ ನನಗೆ ಒಂದು ‘ಪೂರ್ವಜ್ಞಾನ’ ಸಿಕ್ಕಿತು. ಮಕ್ಕಳ ಕಡೆಯಿಂದ ಸಿಕ್ಕಿದ್ದು ಶಿನ್‌ಚಾನ್. ಶಿನ್‌ಚಾನ್ ಕಣ್ಣು ಮಿಟುಕಿಸದೆ ನೋಡುವ ‘ಕಾಂಟಮ್ ರೋಬೋ’ ಎಂಬುದು ಈ ಹಳೆಯ ಧಾರಾವಾಹಿಗಳ ಅಣಕವೇ. ಮೂಲವನ್ನು ನೋಡದ ಮಕ್ಕಳು ಅಣಕವನ್ನು ಚೆನ್ನಾಗಿ ಬಲ್ಲರು.

ಮೊದಲ ಅವಧಿ: ಹೋಲಿಕೆಯ ಪಟ್ಟಿ

ಬೋಧನೋಪಕರಣವಾಗಿ ಆರು ಪರಿಚಯ ಚೀಟಿಗಳನ್ನು ಬರೆದುಕೊಂಡು ಹೋಗಿದ್ದೆ. ಪರದೆ, ಪ್ರೊಜೆಕ್ಟರ್ ಯಾವುದೂ ಬೇಕಾಗಲಿಲ್ಲ. ತರಗತಿಯನ್ನು ಆರು ಗುಂಪು ಮಾಡಿ ಗುಂಪಿಗೊಂದು ಚೀಟಿ ಕೊಟ್ಟೆ. ಚೀಟಿಯ ಸಾರಾಂಶ ಇದು:

‘ತೆತ್ಸುಜಿನ್ 28’. ಯೊಕೊಯಾಮಾ ಅವರದೇ ಚಿತ್ರಕಥೆ, 1956ರಲ್ಲಿ ಆರಂಭ. ದೂರದರ್ಶನ ರೂಪ 1963ರಲ್ಲಿ. ಯುದ್ಧಕ್ಕೆಂದು ಮಾಡಿದ ಉಕ್ಕಿನ ಮನುಷ್ಯ. ಶೋತಾರೊ ಎಂಬ ಹುಡುಗ ಹೊರಗೆ ನಿಂತು ರಿಮೋಟಿನಿಂದ ನಡೆಸುತ್ತಾನೆ.

‘ಮಾಜಿಂಗರ್ ಝಡ್’. ಗೋ ನಗಾಯ್ ಅವರ ಸೃಷ್ಟಿ, 1972. ತಾತ ಕಟ್ಟಿದ ಯಂತ್ರ, ಮೊಮ್ಮಗ ಕೋಜಿ ಚಾಲಕ. ಸಣ್ಣ ವಾಹನವೊಂದು ಹಾರಿ ಬಂದು ರೋಬೋಟಿನ ತಲೆಯಲ್ಲಿ ಕೂರುತ್ತದೆ. ಫ್ಯೂಜಿ ಬೆಟ್ಟದಲ್ಲಿ ಮಾತ್ರ ಸಿಗುವ ಅದಿರಿನಿಂದ ಮಾಡಿದ ವಿಶೇಷ ಮಿಶ್ರಲೋಹ. ಎತ್ತರ 18 ಮೀ., ತೂಕ 20 ಟನ್.

‘ಗೆಟ್ಟರ್ ರೋಬೋ’. ಗೋ ನಗಾಯ್ ಮತ್ತು ಕೆನ್ ಇಶಿಕಾವಾ, 1974. ಮೂರು ವಿಮಾನ, ಮೂವರು ಚಾಲಕರು. ವಿಮಾನಗಳು ಕೂಡಿಕೊಳ್ಳುವ ಕ್ರಮ ಬದಲಾದರೆ ರೋಬೋಟಿನ ರೂಪವೂ ಬದಲು. ಮೊದಲ ರೂಪದ ಎತ್ತರ 38 ಮೀ., ತೂಕ 220 ಟನ್.

‘ಕೊಂಬ್ಯಾಟ್ಲರ್ ವಿ’. 1976. ಐದು ವಾಹನಗಳು ಕೂಡಿ ಒಂದು ರೋಬೋಟ್. 57 ಮೀ., 550 ಟನ್. ಧಾರಾವಾಹಿಯ ಹಾಡಿನಲ್ಲೇ ಈ ಅಳತೆ ಬರುತ್ತದೆ.

‘ವೋಲ್ಟಸ್ ಫೈವ್’. 1977. ಇಲ್ಲೂ ಐದು ವಾಹನ, ಐವರು. ಅವರಲ್ಲಿ ಮೂವರು ಅಣ್ಣತಮ್ಮಂದಿರು. ಕಾಣೆಯಾದ ತಂದೆಯನ್ನು ಹುಡುಕುತ್ತಾರೆ. 58 ಮೀ., 600 ಟನ್.

‘ಮೊಬೈಲ್ ಸೂಟ್ ಗಂಡಮ್’. ನಿರ್ದೇಶಕ ಯೊಶಿಯುಕಿ ತೊಮಿನೊ, 1979. ರೋಬೋಟ್ ಇಲ್ಲಿ ಸೈನ್ಯದ ಆಯುಧ. ಅದರ ಕೆಲಸದಲ್ಲಿದ್ದ ಎಂಜಿನಿಯರನ ಮಗ ಅಮುರೊ ಚಾಲಕ. ಎದುರಾಳಿಗಳೂ ಮನುಷ್ಯರೇ. 18 ಮೀ., ಬರಿಯ ಯಂತ್ರದ ತೂಕ 43.4 ಟನ್, ಎಲ್ಲ ಸಜ್ಜು ಸೇರಿದರೆ 60 ಟನ್.

“ಈ ಆರರಲ್ಲಿ ಒಂದರಂತೆ ಒಂದು ಏನೇನಿದೆ?” ಎಂಬುದು ಮೊದಲ ಪ್ರಶ್ನೆ. ಪ್ರತಿ ಗುಂಪು ತನ್ನ ಚೀಟಿಯನ್ನು ಓದಿತು, ಉಳಿದವರು ತಮ್ಮದಕ್ಕೆ ಹೋಲುವ ಅಂಶ ಬಂದಾಗ ಕೈ ಎತ್ತಿದರು. ಕಪ್ಪುಹಲಗೆ ಬೇಗ ತುಂಬಿತು. ಯಂತ್ರ ನಡೆಸುವವರು ದೊಡ್ಡವರಲ್ಲ, ಹುಡುಗರು. ಯಂತ್ರ ಕಟ್ಟಿದವರು ಅಪ್ಪ, ತಾತ ಅಥವಾ ಒಬ್ಬ ವಿಜ್ಞಾನಿ. ಎಲ್ಲ ರೋಬೋಟಿಗೂ ಮನುಷ್ಯನಂತೆ ಎರಡು ಕಾಲು, ಎರಡು ಕೈ, ಒಂದು ತಲೆ. ಎಲ್ಲವೂ ಲೋಹದವು. ಮಾಜಿಂಗರ್ ಚೀಟಿಯ ಅದಿರಿನ ಸಾಲು ಓದುತ್ತಿದ್ದಂತೆ ಹಿಂದಿನ ಬೆಂಚಿನಿಂದ “ಕೆಜಿಎಫ್!” ಎಂಬ ಕೂಗು ಬಂತು. ಒಂದೇ ಜಾಗದಲ್ಲಿ ಸಿಗುವ ಬೆಲೆಬಾಳುವ ಅದಿರು ಎಂದರೆ ಕೋಲಾರ ಜಿಲ್ಲೆಯ ಮಕ್ಕಳಿಗೆ ಬೇರೆ ಉದಾಹರಣೆ ಬೇಕಿಲ್ಲ.

ಸಾಮಾನ್ಯವಾಗಿ ಹೋಲಿಕೆ ವ್ಯತ್ಯಾಸದ ಚಟುವಟಿಕೆ ಇಲ್ಲಿಗೆ ಮುಗಿಯುತ್ತದೆ. ಪಟ್ಟಿ ಬರೆದರು, ಸರಿ ಎಂದೆವು, ಮುಂದಿನ ಪುಟ. ಆದರೆ ಹೋಲಿಕೆ ಕಂಡ ಮೇಲೆ ಕೇಳಬೇಕಾದ ಮುಖ್ಯ ಪ್ರಶ್ನೆ ಬಾಕಿ ಉಳಿದಿರುತ್ತದೆ: ಈ ಹೋಲಿಕೆ ಬಂದದ್ದು ಎಲ್ಲಿಂದ? ಅದನ್ನು ಕೇಳಿದೆ. ಚರ್ಚೆಯಲ್ಲಿ ಎರಡು ಬಗೆಯ ಉತ್ತರಗಳು ಹೊರಬಂದವು.

ಒಂದನೆಯದು, ವಂಶದಿಂದ ಬಂದ ಹೋಲಿಕೆ. ಕೊಂಬ್ಯಾಟ್ಲರ್ ಮತ್ತು ವೋಲ್ಟಸ್ ಒಂದರ ಪಡಿಯಚ್ಚಿನಂತಿವೆ, ಏಕೆಂದರೆ ಎರಡನ್ನೂ ನಿರ್ದೇಶಿಸಿದವರು ತದಾವೊ ನಗಹಾಮಾ. “ಒಂದ್ ಮೀಟರ್ ಎತ್ತರ, ಐವತ್ತು ಟನ್ ಜಾಸ್ತಿ ಮಾಡವ್ರೆ ಅಷ್ಟೆ” ಎಂದು ಒಬ್ಬ ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಹಾಗೆಯೇ ಚಾಲಕ ಒಳಗೆ ಕೂರುವ ಪದ್ಧತಿ ಮಾಜಿಂಗರಿನಲ್ಲಿ ಗೆದ್ದ ಮೇಲೆ ಮುಂದಿನವುಗಳಿಗೆಲ್ಲ ಹರಡಿತು. ರಿಮೋಟಾದರೆ ಅದು ಯಾರ ಕೈಗೆ ಸಿಕ್ಕಿದರೆ ರೋಬೋಟ್ ಅವರದು. ಒಳಗೆ ಕೂತರೆ ಯಂತ್ರಕ್ಕೆ ಬಿದ್ದ ಏಟು ಹುಡುಗನಿಗೂ ಬೀಳುತ್ತದೆ, ಕಥೆಗೆ ಬಿಗಿ ಬರುತ್ತದೆ.

ಎರಡನೆಯದು, ಒಂದೇ ಅಗತ್ಯದಿಂದ ಬಂದ ಹೋಲಿಕೆ. ಇವು ವಾರಕ್ಕೊಮ್ಮೆ ಅರ್ಧ ಗಂಟೆಯ ಧಾರಾವಾಹಿಗಳು. ಅಷ್ಟರಲ್ಲಿ ಶತ್ರು ಬರಬೇಕು, ಹೋರಾಟ ನಡೆಯಬೇಕು, ಮುಗಿಯಬೇಕು. ಜೊತೆಗೆ ಆಟಿಕೆ ಮಾರಾಟ. ಪೋಪಿ ಎಂಬ ಕಂಪನಿ 1974ರಲ್ಲಿ ಮಾಜಿಂಗರಿನ ಲೋಹದ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಗಂಡಮ್‌ಗೆ ಹಣ ಹಾಕಿದ ಕ್ಲೋವರ್ ಕೂಡ ಆಟಿಕೆ ಕಂಪನಿಯೇ. ಐದು ವಾಹನ ಸೇರಿ ಒಂದು ರೋಬೋಟ್ ಆದರೆ ಅಂಗಡಿಯಲ್ಲಿ ಐದು ಪೆಟ್ಟಿಗೆ ಮಾರಬಹುದು. ಇದನ್ನು ವಿವರಿಸುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಐದೂ ಕೊಡಿಸೋವರ್ಗೂ ಬಿಡಲ್ಲ ಅಂತ ಮಾಡಿರ್ತಾರೆ ಮಿಸ್” ಎಂದಳು.

ಜೀವವಿಜ್ಞಾನದಲ್ಲಿ ರಚನಾನುರೂಪಿ ಅಂಗಗಳು, ಕಾರ್ಯಾನುರೂಪಿ ಅಂಗಗಳು ಎಂದು ನಾವು ಮಾಡುವ ವಿಂಗಡಣೆಗೂ ಇದಕ್ಕೂ ಹತ್ತಿರದ ನಂಟಿದೆ. ಒಂದೇ ಮೂಲದಿಂದ ಬಂದ ಹೋಲಿಕೆ ಬೇರೆ, ಒಂದೇ ಕೆಲಸಕ್ಕಾಗಿ ಬಂದ ಹೋಲಿಕೆ ಬೇರೆ. ಮುಂದೆ ಆ ಪಾಠ ಮಾಡುವವರು ಈ ಚೀಟಿಗಳನ್ನು ಮತ್ತೆ ಬಳಸಬಹುದು.

ಅವಧಿ ಮುಗಿಯಲು ಐದು ನಿಮಿಷ ಇದ್ದಾಗ ಮೂರನೆಯ ಪ್ರಶ್ನೆ ಹಾಕಿದೆ. “ಇವುಗಳನ್ನು ನಮ್ಮೂರ ಕೆರೆ ತುಂಬಿದಾಗ ಅದಕ್ಕೆ ಹಾಕಿದರೆ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ?” ತರಗತಿ ನಕ್ಕಿತು. “ಅಷ್ಟೊಂದು ಕಬ್ಣ ಇದ್ರೆ ಮುಳುಗ್ದೆ ಇನ್ನೇನಾಗುತ್ತೆ ಮಿಸ್?” ಎಲ್ಲವೂ ಮುಳುಗುತ್ತವೆ ಎನ್ನುವವರು ಕೈ ಎತ್ತಿ ಎಂದಾಗ ಮೂರು ನಾಲ್ಕು ಕೈ ಬಿಟ್ಟು ಉಳಿದವೆಲ್ಲ ಮೇಲೆದ್ದವು. ಆ ಊಹೆಯನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಹೇಳಿ ಬಂದೆ.

ಎರಡನೆಯ ಅವಧಿ: ಹೋಲಿಕೆಯನ್ನು ಅಳೆಯುವುದು

ತೂಕ ಚೀಟಿಯಲ್ಲಿದೆ, ಗಾತ್ರ ಇಲ್ಲ. ಗಾತ್ರ ಕಂಡುಹಿಡಿಯುವುದು ಹೇಗೆ? ಇದಕ್ಕೆ ಗಣಿತ ಪೆಟ್ಟಿಗೆಯಲ್ಲಿದ್ದ ಒಂದೇ ಅಳತೆಯ ಸಣ್ಣ ಘನಗಳನ್ನು ತೆಗೆದುಕೊಂಡೆ. ಒಂದು ಘನವನ್ನು ಮೇಜಿನ ಮೇಲಿಟ್ಟು, “ಇದರ ಎರಡರಷ್ಟು ಎತ್ತರ, ಎರಡರಷ್ಟು ಅಗಲ, ಎರಡರಷ್ಟು ಉದ್ದ ಇರುವ ಘನ ಕಟ್ಟಿ” ಎಂದೆ. ಎರಡು ಸಾಕು ಎಂದು ಶುರು ಮಾಡಿದವರು ಎಂಟು ಜೋಡಿಸಿ ನಿಲ್ಲಿಸಿದರು. ಮೂರರಷ್ಟಕ್ಕೆ 27 ಬೇಕಾಯಿತು. ಎತ್ತರ 10 ಪಟ್ಟು ಆದರೆ? ಕಟ್ಟಲು ಘನಗಳು ಸಾಲವು, ಆದರೆ ಉತ್ತರ ಬಂತು: 1,000.

ಈಗ ಒಬ್ಬ ಮನುಷ್ಯ ಬೇಕು. ತರಗತಿಯ ಮಗುವನ್ನು ನಿಲ್ಲಿಸಿ ಎತ್ತರ ತೂಕ ನೋಡುವುದು ಸುಲಭ. ಆದರೆ ಸಣ್ಣಗಿರುವವರಿಗೂ ದಪ್ಪಗಿರುವವರಿಗೂ ಅದು ವರ್ಷವಿಡೀ ಅಂಟುವ ಅಡ್ಡಹೆಸರಾಗುತ್ತದೆ. ಆದ್ದರಿಂದ ‘ಲೆಕ್ಕದ ಮನುಷ್ಯ’ ಎಂಬ ಒಬ್ಬರನ್ನು ಮಾಡಿಕೊಂಡೆವು. ಎತ್ತರ 1.8 ಮೀ., ರಾಶಿ 70 ಕಿ.ಗ್ರಾಂ. ಮನುಷ್ಯನ ಸಾಂದ್ರತೆ ನೀರಿನ ಸಾಂದ್ರತೆಗೆ ತುಂಬ ಹತ್ತಿರ. ಹಾಗಾಗಿ ಇವರ ಗಾತ್ರ ಸುಮಾರು 70 ಲೀಟರ್, ಅಂದರೆ 0.07 ಘನ ಮೀಟರ್. ಮಾಜಿಂಗರ್ 18 ಮೀ. ಎಂದರೆ ಇವರ ಸರಿಯಾಗಿ 10 ಪಟ್ಟು. ಗಾತ್ರ 1,000 ಪಟ್ಟು, 70 ಘನ ಮೀಟರ್.

ಇಲ್ಲಿ ಘನ ಮೀಟರ್ ಎಂಬುದು ಮಕ್ಕಳಿಗೆ ಬರಿಯ ಪದವಾಗಿ ಉಳಿಯಬಾರದು. ಕೋಲಾರದ ಕಡೆಯ ಯಾವ ಮಗುವಿಗೂ ನೀರಿನ ಟ್ಯಾಂಕರ್ ಗೊತ್ತು. ಒಂದು ಘನ ಮೀಟರ್ ಎಂದರೆ 1,000 ಲೀಟರ್, ಅಷ್ಟು ನೀರಿನ ತೂಕ ಒಂದು ಟನ್. 5,000 ಲೀಟರ್ ಟ್ಯಾಂಕರಿನ ನೀರು 5 ಟನ್. ಹೀಗೆ ಹೇಳಿದ ಮೇಲೆ ಲೆಕ್ಕ ತಾನಾಗಿ ನಡೆಯಿತು. ಮಾಜಿಂಗರ್ ಪೂರ್ತಿ ಮುಳುಗಬೇಕಾದರೆ ತಾನಿರುವ ಜಾಗದಿಂದ 70 ಘನ ಮೀಟರ್ ನೀರನ್ನು, ಅಂದರೆ 14 ಟ್ಯಾಂಕರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅದರ ತೂಕವೋ 4 ಟ್ಯಾಂಕರ್ ನೀರಿನಷ್ಟು. ನಾಲ್ಕು ಟ್ಯಾಂಕರ್ ನೀರನ್ನು ತಳ್ಳುವಷ್ಟರಲ್ಲೇ ಪ್ಲವನ ಬಲ ತೂಕಕ್ಕೆ ಸಮನಾಗುತ್ತದೆ. ಉಳಿದ ಮೈ ನೀರಿನ ಮೇಲೆ.

ಉಳಿದ ಗುಂಪುಗಳು ತಮ್ಮ ಚೀಟಿಯ ಲೆಕ್ಕ ಮಾಡಿದವು. ತೆತ್ಸುಜಿನ್‌ನ ಅಳತೆ ಕಥೆಯಿಂದ ಕಥೆಗೆ ಬದಲಾಗುವುದರಿಂದ ಅದನ್ನು ಬಿಟ್ಟು, ಆ ಗುಂಪಿಗೆ ಬೇರೆಯವರ ಲೆಕ್ಕ ಪರಿಶೀಲಿಸುವ ಕೆಲಸ ಕೊಟ್ಟೆ. ಹಲಗೆಯ ಮೇಲೆ ಬಂದ ಉತ್ತರಗಳು:

ಮಾಜಿಂಗರ್ ಝಡ್: ಗಾತ್ರ 70 ಘನ ಮೀ., ರಾಶಿ 20 ಟನ್, ಸಾಪೇಕ್ಷ ಸಾಂದ್ರತೆ 0.29
ಗೆಟ್ಟರ್ ರೋಬೋ: ಗಾತ್ರ 659 ಘನ ಮೀ., ರಾಶಿ 220 ಟನ್, ಸಾಪೇಕ್ಷ ಸಾಂದ್ರತೆ 0.33
ಕೊಂಬ್ಯಾಟ್ಲರ್ ವಿ: ಗಾತ್ರ 2,223 ಘನ ಮೀ., ರಾಶಿ 550 ಟನ್, ಸಾಪೇಕ್ಷ ಸಾಂದ್ರತೆ 0.25
ವೋಲ್ಟಸ್ ಫೈವ್: ಗಾತ್ರ 2,342 ಘನ ಮೀ., ರಾಶಿ 600 ಟನ್, ಸಾಪೇಕ್ಷ ಸಾಂದ್ರತೆ 0.26
ಗಂಡಮ್: ಗಾತ್ರ 70 ಘನ ಮೀ., ರಾಶಿ 43.4 ಟನ್, ಸಾಪೇಕ್ಷ ಸಾಂದ್ರತೆ 0.62 (ಸಜ್ಜು ಸೇರಿ 60 ಟನ್ ಆದರೆ 0.86)

ಎಲ್ಲವೂ ಒಂದಕ್ಕಿಂತ ಕಡಿಮೆ. ಎಲ್ಲವೂ ತೇಲುತ್ತವೆ. ಹಲಗೆಯ ಮೂಲೆಯ ಊಹೆ ಹಾಗೇ ಇತ್ತು. ಅದನ್ನೂ ಪಟ್ಟಿಯನ್ನೂ ಮಕ್ಕಳು ಒಂದರ ಮೇಲೊಂದು ನೋಡುತ್ತಿದ್ದರು. ಮೊದಲ ಅವಧಿಯ ಪಟ್ಟಿಯಲ್ಲಿ ಇಲ್ಲದ ಒಂದು ಹೋಲಿಕೆ ಅವರಿಗೆ ಸಿಕ್ಕಿತ್ತು. ಅದು ಚೀಟಿಯಲ್ಲಿ ಬರೆದಿರಲಿಲ್ಲ, ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಅಳೆದ ಮೇಲೆ ಮಾತ್ರ ಕಂಡದ್ದು.

ಮಕ್ಕಳ ಆಕ್ಷೇಪಗಳು

ಉತ್ತರ ಬಂದ ಮೇಲೂ ತರಗತಿ ಒಪ್ಪಲಿಲ್ಲ. ಪಾಠದ ಅತ್ಯಂತ ಫಲವತ್ತಾದ ಹತ್ತು ನಿಮಿಷ ಇದು.

ಮೊದಲ ಆಕ್ಷೇಪ: “ರೋಬೋಟ್ ನಮ್ ಥರ ಇರಲ್ಲ ಮಿಸ್, ಭುಜ ಎಲ್ಲಾ ಅಗಲ.” ಸರಿಯಾದ ಮಾತು. ನಾವು ಮನುಷ್ಯನ ಆಕಾರವನ್ನೇ ಹಿಗ್ಗಿಸಿದ್ದೇವೆ. ರೋಬೋಟ್ ಇನ್ನೂ ದಪ್ಪ ಎಂದಾದರೆ ಗಾತ್ರ ಹೆಚ್ಚಾಗುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಕೇಳಿದೆ. ಹೆಚ್ಚು. ರಾಶಿ ಅಷ್ಟೇ ಇದ್ದರೆ ಸಾಂದ್ರತೆ? ಇನ್ನೂ ಕಡಿಮೆ. ಅಂದಾಜಿನ ಲೆಕ್ಕದಲ್ಲಿ ತಪ್ಪು ಯಾವ ದಿಕ್ಕಿಗೆ ಆಗಬಹುದು ಎಂದು ಯೋಚಿಸಿದರೆ ತೀರ್ಮಾನ ಉಳಿಯುತ್ತದೆಯೋ ಬೀಳುತ್ತದೆಯೋ ತಿಳಿಯುತ್ತದೆ. ಈ ಅಂಶವನ್ನು ಯಾವ ಪಾಠ ಯೋಜನೆಯಲ್ಲೂ ನಾನು ಉದ್ದೇಶವಾಗಿ ಬರೆದಿರಲಿಲ್ಲ, ಆದರೆ ವಿಜ್ಞಾನದ ಅಭ್ಯಾಸದಲ್ಲಿ ಇದು ಮುಖ್ಯ.

ಎರಡನೆಯದು: “ಕಬ್ಣ ನೀರಿಗಿಂತ ಹೆಚ್ಚೂಕಮ್ಮಿ ಎಂಟರಷ್ಟು ಭಾರ ಅಂತ ಪುಸ್ತಕದಲ್ಲಿದೆ. ಮತ್ತೆ ಇದು ಹೆಂಗೆ 0.29?” ಇದಕ್ಕೆ ಉತ್ತರಿಸಿದ್ದು ನಾನಲ್ಲ. ಆವರೆಗೆ ಬಾಯಿ ಬಿಡದಿದ್ದ ಒಬ್ಬ ಹುಡುಗ. ಅವನ ಮನೆಯವರು ಕಟ್ಟಡದ ಇಟ್ಟಿಗೆ ಕೆಲಸ ಮಾಡುವವರು. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು, ಅವನಿಗೆ ಆ ಲೋಕ ಚೆನ್ನಾಗಿ ಗೊತ್ತು. “ಹಾಲೋ ಬ್ಲಾಕ್ ನೋಡಕ್ಕೆ ದೊಡ್ಡದು ಮಿಸ್, ಆದ್ರೆ ಒಳಗೆ ಖಾಲಿ. ಅಷ್ಟೇ ದೊಡ್ಡದು ಗಟ್ಟಿ ಬ್ಲಾಕ್ ಎತ್ತಿದ್ರೆ ಗೊತ್ತಾಗುತ್ತೆ. ಇದೂ ಹಂಗೇ ಒಳಗೆಲ್ಲ ಖಾಲಿ ಇರ್ಬೇಕು” ಎಂದ. ವಸ್ತುವಿನ ಸಾಂದ್ರತೆ ಬೇರೆ, ಅದರಿಂದ ಮಾಡಿದ ಪದಾರ್ಥದ ಸರಾಸರಿ ಸಾಂದ್ರತೆ ಬೇರೆ ಎಂದು ನಾನು ಹಲಗೆಯ ಮೇಲೆ ಬರೆದದ್ದು ಅವನ ಮಾತನ್ನೇ ಪುಸ್ತಕದ ಭಾಷೆಗೆ ತಿರುಗಿಸಿ. ಇನ್ನೊಬ್ಬಳು ಮೆರವಣಿಗೆಯ ಗಾರುಡಿ ಗೊಂಬೆಯನ್ನು ನೆನಪಿಸಿದಳು. ಬಿದಿರಿನ ಚೌಕಟ್ಟಿನ ಟೊಳ್ಳು ಮೈಯೊಳಗೆ ಒಬ್ಬ ಮನುಷ್ಯ ಹೊಕ್ಕು ಹೊತ್ತು ಕುಣಿಸುತ್ತಾನೆ. ಗಟ್ಟಿ ಮರದಲ್ಲಿ ಮಾಡಿದರೆ ಹೊರಲಾದೀತೇ? ಚಾಲಕ ಒಳಗಿರುವ ದೈತ್ಯ ಆಕೃತಿ ನಮಗೆ ಜಪಾನಿನಿಂದ ಬರಬೇಕಾಗಿರಲಿಲ್ಲ ಎಂಬುದು ಅಲ್ಲೇ ಸ್ಪಷ್ಟವಾಯಿತು.

ಮೂರನೆಯದು: “ತೂತು ಬಿದ್ದು ನೀರು ಒಳಗೆ ಹೋದ್ರೆ?” ಆಗ ಮುಳುಗುತ್ತದೆ. ಖಾಲಿ ಜಾಗ ನೀರಿನಿಂದ ತುಂಬಿದರೆ ಲೆಕ್ಕದಲ್ಲಿ ಉಳಿಯುವುದು ಲೋಹ ಮಾತ್ರ. ಹಡಗು ತೇಲುವುದೂ ಮುಳುಗುವುದೂ ಇದೇ ಕಾರಣಕ್ಕೆ. ಪಠ್ಯದ ಹಡಗಿನ ಪ್ರಶ್ನೆಗೆ ಬೇರೆ ವಿವರಣೆ ಬೇಕಾಗಲಿಲ್ಲ.

ನಿಜವಾದ ದೈತ್ಯರೊಡನೆ ತಾಳೆ

ಕಥೆಯ ಸಂಖ್ಯೆಗಳು ಕಥೆಗಾರರು ಕೊಟ್ಟವು. ಅವನ್ನು ನಿಜವಾಗಿ ನಿಂತಿರುವ ಆಕೃತಿಗಳೊಡನೆ ಹೋಲಿಸದಿದ್ದರೆ ಪಾಠ ಅರ್ಧವಾಗುತ್ತದೆ. ಮೂರು ಉದಾಹರಣೆ ಕೊಟ್ಟೆ.

ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯ ಎತ್ತರ ಸುಮಾರು 57 ಅಡಿ, ಅಂದರೆ 17.4 ಮೀ. ಮಾಜಿಂಗರ್ ಮತ್ತು ಗಂಡಮ್ ಇಬ್ಬರಿಗೂ ಭುಜಕ್ಕೆ ಭುಜ. ಆದರೆ ಅದು ಏಕಶಿಲೆ, ಒಳಗೆ ಟೊಳ್ಳಿಲ್ಲ. ಗ್ರಾನೈಟಿನ ಸಾಪೇಕ್ಷ ಸಾಂದ್ರತೆ ಸುಮಾರು 2.7. ನಮ್ಮ ಲೆಕ್ಕದ ಮನುಷ್ಯನನ್ನು ಅಷ್ಟೆತ್ತರಕ್ಕೆ ಹಿಗ್ಗಿಸಿ ಗ್ರಾನೈಟಿನಲ್ಲಿ ಮಾಡಿದರೆ 170 ಟನ್ ಆಗುತ್ತದೆ. ಎತ್ತರ ಒಂದೇ, ಆದರೆ ಮಾಜಿಂಗರಿನ ಎಂಟು ಪಟ್ಟಿಗೂ ಹೆಚ್ಚು ತೂಕ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರ ನವೆಂಬರಿನಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿ, ಸುಮಾರು 33 ಮೀ. ಅದಕ್ಕೆ ಬಳಸಿದ್ದು 98 ಟನ್ ಕಂಚು, 120 ಟನ್ ಉಕ್ಕು. ಒಟ್ಟು 218 ಟನ್, ಗೆಟ್ಟರ್ ರೋಬೋಗಿಂತ ಎರಡೇ ಟನ್ ಕಡಿಮೆ. ನಮ್ಮ ಕ್ರಮದಲ್ಲಿ ಗಾತ್ರ ಸುಮಾರು 431 ಘನ ಮೀ., ಸರಾಸರಿ ಸಾಂದ್ರತೆ 0.5. ಇಷ್ಟು ಲೋಹವನ್ನು ಕರಗಿಸಿ ಮುದ್ದೆ ಮಾಡಿದರೆ 27 ಘನ ಮೀಟರಿಗಿಂತ ಹೆಚ್ಚಾಗದು. ಅಂದರೆ ಆಕೃತಿಯ ಹದಿನಾರರಲ್ಲಿ ಒಂದು ಪಾಲು ಲೋಹ, ಉಳಿದದ್ದು ಗಾಳಿ. ವಿಮಾನ ನಿಲ್ದಾಣದ ಕಡೆ ಹೋಗಿ ಅದನ್ನು ನೋಡಿದ್ದ ಮಕ್ಕಳು ಈ ಮಾತಿಗೆ ಹುಬ್ಬೇರಿಸಿದರು.

ಮೂರನೆಯದು ಜಪಾನಿನದೇ. ಯೊಕೊಹಾಮಾದಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ 18 ಮೀ. ಎತ್ತರದ, ಕೈಕಾಲು ಆಡಿಸುವ ನಿಜವಾದ ಗಂಡಮ್ ಪ್ರದರ್ಶನಕ್ಕಿತ್ತು. ತೂಕ ಸುಮಾರು 25 ಟನ್. ಸಾಂದ್ರತೆ 0.36. ಎಂಜಿನಿಯರುಗಳು ನಿಜಕ್ಕೂ ಕಟ್ಟಿದಾಗ ಬಂದ ಸಂಖ್ಯೆ ಹಲಗೆಯ ಮೇಲಿನ ಪಟ್ಟಿಯ ನಡುವೆಯೇ ಬಂದು ಕೂತಿತು. ತೂಕದ ವಿಷಯದಲ್ಲಿ ಕಥೆಗಾರರು ಅಷ್ಟೇನೂ ದೂರ ಹೋಗಿರಲಿಲ್ಲ.

ಆದರೆ ಆ ಗಂಡಮ್ ತನ್ನ ಕಾಲಿನ ಮೇಲೆ ತಾನು ನಿಂತಿರಲಿಲ್ಲ. ಅದರ ಸೊಂಟವನ್ನು ಹಿಂದಿನಿಂದ ಒಂದು ಆಧಾರ ಯಂತ್ರ ಹಿಡಿದಿತ್ತು. ಏಕೆ? ಘನಗಳಿಗೆ ಮರಳಿದೆವು. ಎತ್ತರ ಎರಡು ಪಟ್ಟಾದಾಗ ಘನಗಳು ಎಂಟಾದವು, ನೆಲಕ್ಕೆ ತಾಗಿದ ಮುಖಗಳು ನಾಲ್ಕೇ. 10 ಪಟ್ಟಾದರೆ ಭಾರ 1,000 ಪಟ್ಟು, ಹೊರುವ ಪಾದ 100 ಪಟ್ಟು. ದೊಡ್ಡದಾದಷ್ಟೂ ಕಾಲಿಗೆ ಕಷ್ಟ. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ದೊಡ್ಡ ಪ್ರಾಣಿಯ ಮೂಳೆ ಹೆಚ್ಚು ದಪ್ಪವಾಗಿರಬೇಕು ಎಂದು ವಿವರಿಸಿದ್ದು ಇದನ್ನೇ. ಈ ರೋಬೋಟುಗಳು ಕೆರೆಯಲ್ಲಿ ತೇಲುವುದು ಸುಲಭ, ದಡದಲ್ಲಿ ನಡೆಯುವುದು ಕಷ್ಟ. ಒತ್ತಡದ ಪಾಠಕ್ಕೆ ಇದು ನೇರವಾದ ಪೀಠಿಕೆ.

ಮೌಲ್ಯಮಾಪನ

ಕೊನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೊಸ ಚೀಟಿ ಕೊಟ್ಟೆ. ಇದು ಯಾವ ಧಾರಾವಾಹಿಯದೂ ಅಲ್ಲ, ನಾನೇ ಮಾಡಿದ್ದು: ಎತ್ತರ 30 ಮೀ., ರಾಶಿ 400 ಟನ್. ತೇಲುತ್ತದೆಯೋ ಮುಳುಗುತ್ತದೆಯೋ? ಕಾರಣ ಬರೆಯಿರಿ.

ಈ ಚೀಟಿ ಬೇಕಿತ್ತು. ಇಲ್ಲದಿದ್ದರೆ ‘ಕಬ್ಬಿಣ ಮುಳುಗುತ್ತದೆ’ ಎಂಬ ಹಳೆಯ ನಂಬಿಕೆಯ ಜಾಗದಲ್ಲಿ ‘ರೋಬೋಟ್ ತೇಲುತ್ತದೆ’ ಎಂಬ ಹೊಸ ನಂಬಿಕೆ ಕೂರುತ್ತಿತ್ತು. ಐದು ಉದಾಹರಣೆಯಿಂದ ಸಾಮಾನ್ಯೀಕರಣಕ್ಕೆ ಹಾರುವುದು ಮಕ್ಕಳಿಗೆ ಸಹಜ. ಕೆಲವರು ಲೆಕ್ಕವನ್ನೇ ಮಾಡದೆ “ತೇಲುತ್ತದೆ, ಒಳಗೆ ಖಾಲಿ” ಎಂದು ಬರೆದರು. ಲೆಕ್ಕ ಮಾಡಿದವರಿಗೆ ಗಾತ್ರ ಸುಮಾರು 324 ಘನ ಮೀ., ಸಾಪೇಕ್ಷ ಸಾಂದ್ರತೆ 1.23 ಬಂತು. ಮುಳುಗುತ್ತದೆ.

ಹಾಲೋ ಬ್ಲಾಕಿನ ಮಾತಾಡಿದ ಹುಡುಗನ ಹಾಳೆಯಲ್ಲಿ ದಶಮಾಂಶದ ಭಾಗಾಕಾರ ಇರಲಿಲ್ಲ. ಅವನು ಬರೆದದ್ದು ಇಷ್ಟು: ‘ಇದರ ತೂಕ 80 ಟ್ಯಾಂಕರ್. ಇದು ತಳ್ಳುವ ನೀರು 65 ಟ್ಯಾಂಕರ್. 15 ಟ್ಯಾಂಕರ್ ಸಾಲದು. ಮುಳುಗುತ್ತದೆ.’ ಗಾತ್ರವನ್ನು ಗುಂಪಿನಲ್ಲಿ ಕೇಳಿಕೊಂಡಿದ್ದಾನೆ, ತೀರ್ಮಾನ ಅವನದು. ಸೂತ್ರ ಬರೆದಿಲ್ಲವೆಂದು ಅಂಕ ಕಳೆಯುವುದೇ ಎಂದು ಮಾರ್ಗದರ್ಶಕರನ್ನು ಕೇಳಿದೆ. ಅವರು ಹಾಳೆಯನ್ನು ಎರಡು ಸಲ ಓದಿ, “ಆರ್ಕಿಮಿಡಿಸ್ ತತ್ವ ಇದಕ್ಕಿಂತ ಬೇರೆ ಏನಮ್ಮಾ? ಪೂರ್ತಿ ಅಂಕ ಕೊಡು” ಎಂದರು.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡಬಯಸುವವರಿಗೆ ಕೆಲವು ಸೂಚನೆಗಳು. ಚೀಟಿಗಳಲ್ಲಿ ಕಥೆ ಚಿಕ್ಕದಿರಲಿ, ಸಂಖ್ಯೆ ಸ್ಪಷ್ಟವಿರಲಿ. ಊಹೆಯನ್ನು ಲೆಕ್ಕಕ್ಕೆ ಮೊದಲೇ ಬರೆಸಿ, ಕೊನೆಯವರೆಗೂ ಹಲಗೆಯ ಮೇಲೆ ಉಳಿಸಿ. ಘನಗಳನ್ನು ಮಕ್ಕಳ ಕೈಯಲ್ಲೇ ಕಟ್ಟಿಸಿ. ಎಂಟು ಎಂಬುದನ್ನು ಬಾಯಲ್ಲಿ ಹೇಳಿದರೆ ಅದು ಇನ್ನೊಂದು ಬಾಯಿಪಾಠವಾಗುತ್ತದೆ. ಅಳತೆಗೆ ನಿಮ್ಮೂರಿನ ಪಾತ್ರೆ ಹುಡುಕಿ. ನಮಗೆ ಟ್ಯಾಂಕರ್ ಒದಗಿತು, ಕರಾವಳಿಯವರಿಗೆ ದೋಣಿ ಒದಗಬಹುದು. ನಿಯಮಕ್ಕೆ ಹೊರತಾದ ಒಂದು ಚೀಟಿಯನ್ನು ಮರೆಯದೆ ಕೊನೆಗೆ ಇಟ್ಟುಕೊಳ್ಳಿ.

ರೋಬೋಟ್ ಇಷ್ಟವಿಲ್ಲದವರು ತೇರು, ಪ್ರತಿಮೆ, ಹಡಗು ಯಾವುದನ್ನಾದರೂ ತೆಗೆದುಕೊಳ್ಳಬಹುದು. ಆದರೆ ಪ್ರಶ್ನೆಗಳ ಕ್ರಮ ಹೀಗೇ ಇರಲಿ: ಏನು ಹೋಲುತ್ತದೆ, ಏಕೆ ಹೋಲುತ್ತದೆ, ಅಳೆದರೆ ಏನು ಸಿಗುತ್ತದೆ. ಮೊದಲನೆಯ ಪ್ರಶ್ನೆಗೆ ಚುರುಕಾದ ಮಕ್ಕಳು ಉತ್ತರಿಸಿದರು. ಮೂರನೆಯದಕ್ಕೆ ಬಂದಾಗ ಹಿಂದಿನ ಬೆಂಚೂ ಮಾತನಾಡಿತು. ಒತ್ತಡದ ಪಾಠಕ್ಕೆ ಇದೇ ಚೀಟಿಗಳನ್ನು ಹಿಡಿದು ಅದೇ ತರಗತಿಗೆ ಹೋಗಲಿದ್ದೇನೆ. ಲೆಕ್ಕದ ಮನುಷ್ಯನ ಎರಡು ಪಾದಗಳ ವಿಸ್ತೀರ್ಣವನ್ನು ಚೌಕುಳಿ ಹಾಳೆಯ ಮೇಲೆ ಅಳೆದು ತರುವುದು ಮಕ್ಕಳಿಗೆ ಕೊಟ್ಟಿರುವ ಮನೆಗೆಲಸ.